ಪಡಿ ಹಾಕುವ ಕೈ

ವೃದ್ಧಾಶ್ರಮದಲ್ಲಿ ಯಾರಾದರೂ ಎದುರಿಗೆ ಕೂತು ಹಾಡಿದರೆ ಅಲ್ಲಿನವರಿಗೆ ಏನುಪಯೋಗ? ಇಂಥ ಪ್ರಶ್ನೆ ಬಂದ ಕೂಡಲೇ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಅಂಕಿಅಂಶ ಬೇಕು. ಅದೂ ಇದೆ. ಮರೆವಿನ ಕಾಯಿಲೆಯವರ ಮೇಲೆ ಸಂಗೀತದ ಪರಿಣಾಮ ಏನು ಅಂತ ನೋಡಿದ 22 ಅಧ್ಯಯನಗಳನ್ನು ಒಟ್ಟು ಮಾಡಿ ಕಾಕ್ರೇನ್ ಸಂಸ್ಥೆ 2018ರಲ್ಲಿ ಪರಾಮರ್ಶೆಯೊಂದನ್ನು ಪ್ರಕಟಿಸಿತು. ಖಿನ್ನತೆ ಒಂದಷ್ಟು ತಗ್ಗುತ್ತೆ, ನಡವಳಿಕೆಯ ತೊಂದರೆಗಳೂ ಸ್ವಲ್ಪ ಕಡಿಮೆಯಾಗುತ್ತವೆ. ನೆನಪು, ಬುದ್ಧಿಶಕ್ತಿ ಮಾತ್ರ ಹೆಚ್ಚುಕಮ್ಮಿ ಇದ್ದಂಗೇ ಇರುತ್ತೆ.

ಹಾಗಾದರೆ ನಾಳೆ ಬೆಳಗ್ಗೆ ನೆನಪೇ ಇರದ ಹಾಡಿಗೆ ದುಡ್ಡು, ಸಮಯ ಯಾಕೆ ಸುರಿಯಬೇಕು? ಆ ಹೊತ್ತಿನ ಖುಷಿಯೂ ಖುಷಿಯೇ ಅನ್ನೋದು ಸುಲಭದ ಉತ್ತರ. ಒಪ್ಪಿದೆ. ಆದರೆ ಅಷ್ಟು ಖುಷಿ ಬ್ಲೂಟೂತ್ ಸ್ಪೀಕರ್‌ನಿಂದಲೂ ಬರುತ್ತಲ್ಲ? ಮಳವಳ್ಳಿ ಮಹದೇವಸ್ವಾಮಿ ಅವರ ದನಿಯಲ್ಲಿ ಮಾದಪ್ಪನ ಕಥೆ ಯೂಟ್ಯೂಬ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತೆ. ಹಾಡೋ ಮನುಷ್ಯನೇ ಬರಬೇಕು ಅಂತ ಯಾಕೆ ಹಟ?

ನಮ್ಮ ಕಡೆಯ ಕಂಸಾಳೆಯವರನ್ನು ನೆನೆಸಿಕೊಂಡರೆ ಇದಕ್ಕೆ ಉತ್ತರ ಸಿಗುತ್ತೆ. ಕೊಳ್ಳೇಗಾಲದಿಂದ ಕಾಮಗೆರೆ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯ ಊರುಗಳಲ್ಲಿ ಬೆಳೆದವರಿಗೆ ದೇವರಗುಡ್ಡರು ಹೊಸಬರಲ್ಲ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ, ಹೆಗಲಲ್ಲಿ ಜೋಳಿಗೆ. ಮಾದಪ್ಪನ ಕಾವ್ಯ ಇವರ ಬಾಯಲ್ಲಿ ಸಾಲುಗಳಾಗಿ ಇದೆ: ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು. ಜಗಲಿ ಮೇಲಿನ ಮುದುಕಿ "ಸಂಕಮ್ಮನ್ ಸಾಲ್ ಏಳಪ್ಪ" ಅಂದರೆ ಅದನ್ನೇ ಹಾಡಬೇಕು. ಅನುಮಾನದ ಗಂಡ ಸಂಕಮ್ಮನಿಗೆ ಹಿಂಸೆ ಕೊಡೋ ಭಾಗದಲ್ಲಿ ಆಕೆ ಸೆರಗಿಂದ ಕಣ್ಣೊರೆಸಿಕೊಂಡರೆ ಹಾಡುವವನು ಅಲ್ಲೇ ಇನ್ನೆರಡು ಸೊಲ್ಲು ಎಳೀತಾನೆ. ಬೇಡವಾದ ದಿನ "ಮುಂದಕ್ಕೋಗಪ್ಪ" ಅಂದರಾಯ್ತು, ಯಾರಿಗೂ ಬೇಜಾರಿಲ್ಲ. ಬೇಕಾದ ದಿನ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಹಾಕ್ತಾಳೆ. ಕೇಳೋದು ಆಕೆ, ಕೊಡೋದೂ ಆಕೆ. ಅಲ್ಲಿ ಯಾರೂ ಅವಳಿಗೆ 'ಸೇವೆ' ಮಾಡ್ತಿಲ್ಲ.

ಆಶ್ರಮದಲ್ಲಿ ಊಟ, ಮಾತ್ರೆ, ಸ್ನಾನ ಎಲ್ಲ ಬರೋದೇ. ಇವರ ಕೈಯಿಂದ ಇನ್ನೊಬ್ಬರಿಗೆ ಹೋಗುವಂಥದ್ದು ಏನೂ ಉಳಿದಿರಲ್ಲ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆ ವೃದ್ಧಾಶ್ರಮಗಳ ಬಗ್ಗೆ ಹೇಳುವಾಗ ವೈದ್ಯಕೀಯ ಆರೈಕೆಯ ಪಕ್ಕದಲ್ಲೇ ಮನರಂಜನೆಯನ್ನೂ ಹೆಸರಿಸುತ್ತೆ. ಒಳ್ಳೇದೇ. ಆದರೆ ಅದೂ ಕೊಡುವ ಪಟ್ಟಿಯಲ್ಲೇ ಇದೆ. ಶನಿವಾರ ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಗಿಟಾರ್ ಹಿಡಿದು ಹೋಗುವ ನಮ್ಮ ಆಫೀಸಿನ ಗುಂಪುಗಳೂ ಅಷ್ಟೇ: ಯಾವ ಹಾಡು ಅಂತ ಕ್ಯಾಬ್‌ನಲ್ಲೇ ತೀರ್ಮಾನ ಆಗಿರುತ್ತೆ. ಹೋಗಬೇಡಿ ಅಂತಿಲ್ಲ. ಹೋದಾಗ ಏನು ಹಾಡಲಿ ಅಂತ ಕೇಳಿ, ಬೇಡ ಅಂದವರನ್ನು ರೂಮಲ್ಲೇ ಇರಲು ಬಿಡಿ.

ಮೈಸೂರಿನ ಹೊರವಲಯದ ಒಂದು ಆಶ್ರಮದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ನನ್ನನ್ನ ಒಂದೊಂದ್ಸಲ ಗುರುತು ಹಿಡೀತಾರೆ, ಒಂದೊಂದ್ಸಲ ಇಲ್ಲ. ಹೋದ ವರ್ಷ ಅಲ್ಲಿಗೆ ಕಂಸಾಳೆಯವರು ಬಂದಾಗ ದೊಡ್ಡಮ್ಮ ತಾವಾಗೇ ಹಿಮ್ಮೇಳಕ್ಕೆ ದನಿ ಸೇರಿಸಿದರು. ದಿನಾ ಅವರನ್ನ ಎತ್ತಿ ಕೂರಿಸೋ ಆಯಾ "ಸಾರ್, ಅಜ್ಜೀಗೆ ಇಷ್ಟೆಲ್ಲ ಬರುತ್ತಾ?" ಅಂದಳು. ಆಮೇಲಿಂದ ಸ್ನಾನ ಮಾಡಿಸುವಾಗ ಹಾಡಿಸ್ತಾಳಂತೆ, ಮೈಮೇಲೆ ನೀರು ಬಿದ್ದರೆ ಮೊದಲಿನ ಹಾಗೆ ಕಿರುಚಲ್ಲವಂತೆ. ಆಯಾಗೂ ಅರ್ಧ ಕೆಲಸ ಹಗುರ. ಹಾಗಂತ ಹನ್ನೆರಡು ಗಂಟೆ ದುಡಿಯೋಳಿಗೆ ಹಾಡು ಕೇಳಿಸಿ ಸಂಬಳದ ಮಾತು ಮರೆಸೋ ಹಂಗಿಲ್ಲ.

ಅವತ್ತು ಹಾಡು ಮುಗಿದಾಗ ದೊಡ್ಡಮ್ಮ ಸೊಂಟದಲ್ಲಿ ಎಲೆಅಡಿಕೆ ಚೀಲ ತಡಕಿದರು. ಅದೆಲ್ಲಿರುತ್ತೆ? ಅಲ್ಲಿ ಯಾರೂ ದುಡ್ಡು ಇಟ್ಟುಕೊಳ್ಳೋ ಹಂಗಿಲ್ಲ, ಕಳೆದುಹೋದರೆ ಜಗಳ ಅಂತ ನಿಯಮ. ನಾನು ಹತ್ತು ರೂಪಾಯಿ ತೆಗೆಯುವಷ್ಟರಲ್ಲಿ ಅವರು ದಿಂಬಿನ ಪಕ್ಕ ಎತ್ತಿಟ್ಟಿದ್ದ ಬಾಳೆಹಣ್ಣು ಹುಡುಕಿ ಚಾಚಿದರು. ತಿಂಡಿಗೆ ಕೊಟ್ಟಿದ್ದು, ಸಿಪ್ಪೆ ಕಪ್ಪಾಗಿತ್ತು. ಮ್ಯಾನೇಜರ್ "ಅದ್ಯಾಕಮ್ಮ, ಅವರಿಗೆ ನಾವು ಕೊಟ್ಟಿದೀವಿ" ಅಂತಿದ್ದರು. ಗುಡ್ಡಪ್ಪ ಅವರ ಮಾತು ಕಿವಿಗೆ ಹಾಕ್ಕೊಳ್ಳದೆ ಜೋಳಿಗೆ ಬಾಯಿ ಅಗಲಿಸಿ ಮುಂದೆ ಬಗ್ಗಿದರು.