ಮೋಶೆ ಬೆಟ್ಟದಿಂದ ಇಳಿದು ಬರುವ ತನಕ



ಶಾಲೆಗೆ ಹೋದವರಿಗೆಲ್ಲ ಇಂಥ ಒಂದು ದಿನದ ನೆನಪು ಇದ್ದೇ ಇರುತ್ತದೆ. ಗಣಿತದ ಮೇಷ್ಟ್ರು ರಜೆ. ಸುದ್ದಿ ತಿಳಿದ ಕೂಡಲೇ ತರಗತಿ ಸಂತೆಯಾಗುತ್ತದೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಬೇರೆ ಯಾರನ್ನೋ ಕಳುಹಿಸುತ್ತಾರೆ. ಅವರು ಬಂದು, "ಗಲಾಟೆ ಬೇಡ, ಓದಿಕೊಳ್ಳಿ" ಎನ್ನುತ್ತಾರೆ. ಅವರ ಮಾತಿಗೆ ನಾವು ಎಷ್ಟು ಬೆಲೆ ಕೊಟ್ಟಿದ್ದೇವೆ? ಎದೆ ಮುಟ್ಟಿಕೊಂಡು ಹೇಳೋಣ.

ನಮ್ಮಲ್ಲಿ ಅದು ಒಂದು ಪಿರಿಯಡ್ಡಿನ ಮಾತು. ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಅದೇ ಒಂದು ಉದ್ಯೋಗ. ಅದಕ್ಕೆ 'ಕವರ್ ಸೂಪರ್‌ವೈಸರ್' ಎಂದು ಹೆಸರು. ಶಿಕ್ಷಕರ ಮೇಲಿನ ಹೊರೆಯನ್ನು ಇಳಿಸಲೆಂದು 2003ರ ಜನವರಿಯಲ್ಲಿ ಅಲ್ಲಿನ ಸರ್ಕಾರವೂ ಹೆಚ್ಚಿನ ಶಿಕ್ಷಕ ಸಂಘಗಳೂ ಒಂದು ಒಪ್ಪಂದ ಮಾಡಿಕೊಂಡವು. ಅದರ ಫಲವಾಗಿ, ರಜೆ ಹಾಕಿದವರ ತರಗತಿಗೆ ಬೇರೆ ಶಿಕ್ಷಕರನ್ನು ಅಪರೂಪಕ್ಕೆ ಮಾತ್ರ ಕಳುಹಿಸಬೇಕೆಂಬ ನಿಯಮ 2009ರ ಸೆಪ್ಟೆಂಬರಿನಲ್ಲಿ ಬಂತು. ಆ ಜಾಗವನ್ನು ತುಂಬಲು ಬಂದವರೇ ಇವರು. ಇವರು ಹೊಸ ಪಾಠ ಮಾಡುವವರಲ್ಲ. ಶಿಕ್ಷಕರು ಬಿಟ್ಟುಹೋದ ಕೆಲಸವನ್ನು ಮಕ್ಕಳ ಕೈಯಲ್ಲಿ ಮಾಡಿಸಬೇಕು, ಹಾಜರಿ ಹಾಕಬೇಕು, ಶಿಸ್ತು ಕಾಯಬೇಕು, ನಡೆದದ್ದನ್ನು ಚೀಟಿಯಲ್ಲಿ ಬರೆದಿಟ್ಟು ಹೋಗಬೇಕು. ಮೊದಲ ಗಂಟೆ ಫ್ರೆಂಚ್, ಎರಡನೆಯದು ಭೂಗೋಳ, ಮೂರನೆಯದು ವಿಜ್ಞಾನ. ಎಲ್ಲ ತರಗತಿಗೂ ಹೋಗುತ್ತಾರೆ. ಯಾವ ತರಗತಿಯೂ ಇವರದಲ್ಲ.

ನಮ್ಮ ಧರ್ಮಕೇಂದ್ರದ ಒಬ್ಬ ಮಗಳು ಈ ಕೆಲಸದಲ್ಲಿದ್ದಾರೆ. ಇಲ್ಲಿ ಹನ್ನೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಪತಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಮಕ್ಕಳೊಡನೆ ಇಂಗ್ಲೆಂಡಿಗೆ ಹೋದರು. ಶಿಕ್ಷಕಿಯಾಗಲು ಬೇಕಾದ ಅಲ್ಲಿನ ಮಾನ್ಯತೆ ಕೈಯಲ್ಲಿರಲಿಲ್ಲ. ಸಿಕ್ಕಿದ ಈ ಕೆಲಸಕ್ಕೆ ಸೇರಿದರು. ಊರಿನಲ್ಲಿ ಅವರ ತಾಯಿ ಮಾತ್ರ ಎಲ್ಲರಿಗೂ "ನನ್ನ ಮಗಳು ಲಂಡನ್ನಿನಲ್ಲಿ ಟೀಚರ್" ಎಂದು ಹೇಳಿಕೊಂಡು ಬಂದರು. ಮಗಳು ಅದನ್ನು ತಿದ್ದಲಿಲ್ಲ.

ಈ ಸಲ ಊರ ಹಬ್ಬಕ್ಕೆ ಬಂದಾಗ, ವಿದೇಶದಲ್ಲಿ ಶಿಕ್ಷಕಿಯಾಗಿರುವ ಇವರಿಗೆ ಸನ್ಮಾನ ಮಾಡಬೇಕೆಂದು ಹಿರಿಯರು ನಿಶ್ಚಯಿಸಿದರು. ಹಿಂದಿನ ದಿನ ಸಂಜೆ ಅವರು ಗುರುಮನೆಗೆ ಬಂದರು. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಜಗಲಿಯಲ್ಲಿ ಕುಳಿತು ಹೇಳಿದ್ದು. "ಬರೆಯಿರಿ ಫಾದರ್, ಯಾರಿಗಾದರೂ ಉಪಯೋಗವಾಗಲಿ" ಎಂದು ಅವರೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

"ಫಾದರ್, ನಾಳೆ ಆ ಶಾಲು ಹೊದೆಯಲು ನನಗೆ ಯೋಗ್ಯತೆ ಇಲ್ಲ. ನಾನು ಟೀಚರ್ ಅಲ್ಲ" ಎಂದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಒಂದು ದಿನ ಕೊನೆಯ ಪಿರಿಯಡ್. ಹದಿಮೂರು ವರ್ಷದ ಮಕ್ಕಳ ತರಗತಿ. "ಮಿಸ್, ನಮ್ಮ ಸರ್ ಇದ್ದರೆ ಫೋನ್ ನೋಡಲು ಬಿಡುತ್ತಾರೆ" ಎಂದು ನಾಲ್ಕೈದು ಮಕ್ಕಳು ಒಂದೇ ಸಮನೆ ಹೇಳಿದರು. ಅದು ಸುಳ್ಳೆಂದು ಇವರಿಗೆ ಗೊತ್ತಿತ್ತು. ಆದರೆ ಬೆಳಗಿನಿಂದ ಐದು ತರಗತಿ ಕಾದು ಸಾಕಾಗಿತ್ತು. ಮಾತಿನ ಧಾಟಿಯನ್ನು ಅಣಕಿಸಿದ್ದನ್ನು ಎರಡು ಸಲ ನುಂಗಿಕೊಂಡಾಗಿತ್ತು. "ಹಾಳಾಗಲಿ, ಸದ್ದಿಲ್ಲದೆ ಕೂತರೆ ಸಾಕು" ಎಂದು ಬಿಟ್ಟುಬಿಟ್ಟರು. ತರಗತಿ ಶಾಂತವಾಯಿತು. ಗಂಟೆ ಹೊಡೆದ ಮೇಲೆ ಗೊತ್ತಾಯಿತು: ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನನ್ನು ಗೇಲಿ ಮಾಡಿ ಫೋನಿನಲ್ಲಿ ಚಿತ್ರ ತೆಗೆದಿದ್ದರು. ಅವನು ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದ.

ಪ್ರಿಯರೇ, ಇದನ್ನು ಕೇಳಿದಾಗ ನನಗೆ ವಿಮೋಚನಾಕಾಂಡದ ಆರೋನನ ನೆನಪಾಯಿತು. ಮೋಶೆ ಸಿನಾಯ್ ಬೆಟ್ಟಕ್ಕೆ ಹೊರಟಾಗ ಜನರನ್ನು ನೋಡಿಕೊಳ್ಳಲು ಆರೋನನನ್ನೂ ಹೂರನನ್ನೂ ಬಿಟ್ಟುಹೋದನು. ನಲವತ್ತು ದಿನ ಕಳೆಯಿತು. ಮೋಶೆ ಬರಲಿಲ್ಲ. ಜನರು ಆರೋನನನ್ನು ಸುತ್ತುವರಿದು, ನಮಗೊಂದು ದೇವರನ್ನು ಮಾಡಿಕೊಡು ಎಂದು ಹಟ ಹಿಡಿದರು. ಆರೋನನಿಗೆ ಸತ್ಯ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಗಲಾಟೆ ಅಡಗಿದರೆ ಸಾಕೆಂದು ಕಿವಿಯ ಓಲೆಗಳನ್ನು ತರಿಸಿ ಚಿನ್ನದ ಕರುವನ್ನು ಮಾಡಿದನು. ಮೋಶೆ ಬಂದು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ನೋಡಿ: ಈ ಜನ ಎಂಥವರೆಂದು ನಿನಗೇ ಗೊತ್ತು, ನಾನು ಚಿನ್ನವನ್ನು ಬೆಂಕಿಗೆ ಹಾಕಿದೆ, ಕರು ತಾನೇ ಹೊರಗೆ ಬಂತು! ತಪ್ಪು ಜನರದು, ತಪ್ಪು ಬೆಂಕಿಯದು, ತನ್ನದು ಮಾತ್ರ ಅಲ್ಲ.

ನಾವು ಎಷ್ಟು ಸಲ ಹೀಗೆ ಹೇಳಿಲ್ಲ! ಮನೆಯಲ್ಲಿ ಮಗು ಹಟ ಮಾಡಿದರೆ ಕೈಗೆ ಫೋನ್ ಕೊಟ್ಟು ಸುಮ್ಮನಾಗಿಸುತ್ತೇವೆ. ಮುಂದೆ ಅದು ಕೆಟ್ಟರೆ "ಈಗಿನ ಕಾಲವೇ ಹಾಗೆ" ಎನ್ನುತ್ತೇವೆ. ಸದ್ದಡಗಿಸುವುದು ಬೇರೆ, ಶಾಂತಿ ಕಾಯುವುದು ಬೇರೆ.

ಆ ಸಹೋದರಿ ಏನು ಮಾಡಿದರು? ಹುಡುಗನ ಪಕ್ಕದಲ್ಲಿ ಕುಳಿತು ಸಮಾಧಾನ ಮಾಡಿದರು. ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಅಧಿಕಾರಿಗೆ ಅಂದೇ ವಿಷಯ ತಿಳಿಸಿದರು. ಆಮೇಲೆ ಚೀಟಿ ಬರೆಯುವ ಸಮಯ. "ಮಕ್ಕಳು ಮಾತು ಕೇಳಲಿಲ್ಲ" ಎಂದು ಬರೆದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವರು ಬರೆದದ್ದು ಬೇರೆ: "ಫೋನ್ ಬಳಸಲು ಬಿಟ್ಟವಳು ನಾನು. ತಪ್ಪು ನನ್ನದು." ಮರುದಿನ ಕರೆಸಿದರು, ಗದರಿಸಿದರು. ಕೆಲಸ ಹೋಗುತ್ತದೆಂದೇ ಅವರು ಹೆದರಿದ್ದರು, ಹೋಗಲಿಲ್ಲ. ಕೆಲವು ವಾರದ ನಂತರ ಕಾರಿಡಾರಿನಲ್ಲಿ ಆ ಹುಡುಗ ಎದುರಾಗಿ, "ಮಿಸ್, ಇವತ್ತು ನಮಗೆ ನೀವೇನಾ?" ಎಂದು ಕೇಳಿದನಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು.

ನಾನು ಹೇಳಿದೆ: "ಅಮ್ಮಾ, ಅಲ್ಲಿ ಚೀಟಿಯಲ್ಲಿ ನಿಜ ಬರೆಯಲು ಧೈರ್ಯ ಕೊಟ್ಟ ದೇವರು ಇಲ್ಲಿ ನಿಜ ಹೇಳಲು ಕೊಡುವುದಿಲ್ಲವೇ? ನಿಮ್ಮ ಕೆಲಸ ನಾಚಿಕೆಪಡುವಂಥದ್ದಲ್ಲ. ಅದನ್ನು ಮುಚ್ಚಿಟ್ಟದ್ದಕ್ಕೆ ಮಾತ್ರ ನಾಚಿಕೊಳ್ಳಿ."

ಆರೋನನ ಕಥೆ ಕರುವಿನೊಡನೆ ಮುಗಿಯುವುದಿಲ್ಲ. ಮೋಶೆ ಅವನಿಗಾಗಿ ಪ್ರಾರ್ಥಿಸಿದನೆಂದು ಧರ್ಮೋಪದೇಶಕಾಂಡ ತಿಳಿಸುತ್ತದೆ. ದೇವರು ಅವನನ್ನು ತಳ್ಳಿಬಿಡಲಿಲ್ಲ, ಯಾಜಕನನ್ನಾಗಿ ಮಾಡಿದರು. ಇನ್ನು ಸಂತ ಜೋಸೆಫರನ್ನು ನೋಡಿ. ತಮ್ಮದಲ್ಲದ ಮಗುವನ್ನು ತಮ್ಮದೇ ಎಂಬಂತೆ ಕಾದರು. ಶುಭಸಂದೇಶಗಳಲ್ಲಿ ಅವರ ಒಂದು ಮಾತೂ ದಾಖಲಾಗಿಲ್ಲ. ಅವರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು 1870ರಲ್ಲಿ ಪೋಪ್ ಒಂಬತ್ತನೆಯ ಭಕ್ತಿನಾಥರು ಘೋಷಿಸಿದರು. ಆ ಘೋಷಣೆಗೆ ನೂರೈವತ್ತು ವರ್ಷ ತುಂಬಿದಾಗ, 2020ರ ಡಿಸೆಂಬರ್ 8ರಂದು, ಪೋಪ್ ಫ್ರಾನ್ಸಿಸರು ಹೊರಡಿಸಿದ ಪ್ರೇಷಿತ ಪತ್ರದಲ್ಲಿ ಜೋಸೆಫರನ್ನು ಸ್ವರ್ಗದ ತಂದೆಯ ನೆರಳು ಎಂದು ಬಣ್ಣಿಸಿದ್ದಾರೆ. ನೆರಳಿಗೆ ಸ್ವಂತ ರೂಪವಿಲ್ಲ. ಆದರೆ ಬಿಸಿಲಲ್ಲಿ ನಿಂತವನಿಗೆ ನೆರಳಿನ ಬೆಲೆ ಗೊತ್ತು.

ನಿಜ ನೋಡಿದರೆ ನಾವೆಲ್ಲರೂ ಬದಲಿಗೆ ನಿಂತವರೇ. ತಂದೆತಾಯಿಗಳು ದೇವರ ಮಕ್ಕಳನ್ನು ದೇವರ ಪರವಾಗಿ ನೋಡಿಕೊಳ್ಳುವವರು. ಗುರುಗಳಾದ ನಾವು ಯೇಸುಸ್ವಾಮಿಯ ಮಂದೆಯನ್ನು ಕಾಯುವವರು. ಮಂದೆ ನಮ್ಮದಲ್ಲ. ಸ್ವಾಮಿ ತಿರುಗಿ ಬಂದಾಗ, ಎಷ್ಟು ಸನ್ಮಾನ ಸಿಕ್ಕಿತು ಎಂದು ಕೇಳುವುದಿಲ್ಲ. ನಾನು ಇಲ್ಲದಾಗ ನನ್ನ ಮಕ್ಕಳನ್ನು ಹೇಗೆ ನೋಡಿಕೊಂಡೆ ಎಂದು ಕೇಳುತ್ತಾರೆ.

ಮರುದಿನ ವೇದಿಕೆಯಲ್ಲಿ ಅವರು ನಾಲ್ಕೇ ಮಾತು ಆಡಿದರು. "ನಾನು ಅಲ್ಲಿ ಟೀಚರ್ ಅಲ್ಲ. ಟೀಚರ್ ಬರುವ ತನಕ ಮಕ್ಕಳನ್ನು ನೋಡಿಕೊಳ್ಳುವವಳು. ಇದನ್ನು ಮೊದಲೇ ಹೇಳಬೇಕಿತ್ತು. ಕ್ಷಮಿಸಿ." ಸಭೆ ಒಂದು ಕ್ಷಣ ಮೌನವಾಯಿತು. ಮುಂದಿನ ಸಾಲಿನಲ್ಲಿದ್ದ ಅವರ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಊಟದ ಹೊತ್ತಿಗೆ ನಾನು ಹತ್ತಿರ ಹೋದಾಗ ಮಗಳ ತಟ್ಟೆಗೆ ಅನ್ನ ಬಡಿಸುತ್ತಾ, "ನೀನು ಹುಟ್ಟಿದಾಗ ನಾನು ಗದ್ದೆ ಕೆಲಸಕ್ಕೆ ಹೋಗುತ್ತಿದ್ದೆ ಮಗಾ. ನಾನು ಬರುವ ತನಕ ನಿನ್ನನ್ನು ನೋಡಿಕೊಂಡವಳು ನಿನ್ನ ಅಜ್ಜಿ. ಅದೇನು ಸಣ್ಣ ಕೆಲಸವಾ?" ಎಂದರು.

ಈ ವಾರ ಮನೆಯ ಜಪಸರ ಪ್ರಾರ್ಥನೆಯಲ್ಲಿ, ಇನ್ನೊಬ್ಬರ ಮಕ್ಕಳನ್ನು ಕಾಯುವ ಎಲ್ಲರಿಗಾಗಿ ಒಂದು ರಹಸ್ಯವನ್ನು ಅರ್ಪಿಸೋಣ.

ಓ ಸಂತ ಜೋಸೆಫರೇ, ನಮ್ಮ ವಶಕ್ಕೆ ಒಪ್ಪಿಸಿದವರನ್ನು ಸೋಮಾರಿತನದಿಂದ ಕೈಬಿಡದಂತೆಯೂ, ತಪ್ಪಿದಾಗ ಒಪ್ಪಿಕೊಳ್ಳುವಂತೆಯೂ ನಮಗಾಗಿ ಪ್ರಾರ್ಥಿಸಿರಿ. ಆಮೆನ್.