ಮೊಸರನ್ನದೊಳಗಿನ ಮಾತ್ರೆ

ಕೆಂಚಿ ಊಟ ಬಿಟ್ಟು ಎರಡು ದಿನವಾಗಿತ್ತು. 2020ರ ಲಾಕ್‌ಡೌನಿನಲ್ಲಿ ಗೇಟಿನ ಸಂದಿಯಿಂದ ನುಸುಳಿ ಬಂದು ಹೂಕುಂಡದ ಹಿಂದೆ ಮಲಗಿದ್ದ ಬೀದಿಮರಿ ಅವಳು. ಅನ್ನ ಬೇಡ ಅಂದವಳೇ ಅಲ್ಲ. ಮೂರನೆಯ ದಿನ ಬೆಳಿಗ್ಗೆ ಆಟೋದಲ್ಲಿ ಕೂರಿಸಿಕೊಂಡು, ಐದು ವರ್ಷದಿಂದ ಅವಳಿಗೆ ರೇಬೀಸ್ ಇಂಜೆಕ್ಷನ್ ಹಾಕುತ್ತ ಬಂದಿದ್ದ ಡಾಕ್ಟರ ಹತ್ತಿರವೇ ಹೋದೆವು. ಹೊಟ್ಟೆ ಮುಟ್ಟಿ ನೋಡಿದರು, ಜ್ವರ ನೋಡಿದರು, ‘ಗ್ಯಾಸ್ಟ್ರಿಕ್ ಇದ್ದ ಹಾಗಿದೆ’ ಅಂದರು. ಒಂದು ಇಂಜೆಕ್ಷನ್, ಮೂರು ದಿನ ಡ್ರಿಪ್. ನಾನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಐದು ವರ್ಷದ ಪರಿಚಯ ಎಂದರೆ ಪ್ರಶ್ನೆ ಕೇಳದಿರುವ ಸಲುಗೆಯೂ ಹೌದಲ್ಲ.

ಆರನೆಯ ದಿನ ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಕಂಡವು. ರಾತ್ರಿ ಮೂಗಿನಿಂದ ರಕ್ತ ಹನಿಯಿತು. ಹೆದರಿ ಫೋನ್ ಮಾಡಿದೆ. ‘ಟಿಕ್ ಫೀವರ್ ಇರಬಹುದು ಅಂತ ನಾನು ಮೊದಲನೇ ದಿನಾನೇ ಹೇಳಿದ್ನಲ್ಲ ಸಾರ್, ಬ್ಲಡ್ ಟೆಸ್ಟ್ ಈಗ ಬೇಡ ಅಂದವರು ನೀವೇ’ ಅಂದರು. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ನನ್ನ ಮುಖ ನೋಡಿದಳು. ಫೋನ್ ಇಟ್ಟ ಮೇಲೆ, ‘ಹೇಳಿಲ್ಲ ರೀ ಅವರು’ ಅಂದಳು. ಚೀಟಿ ತೆಗೆದು ನೋಡಿದೆ. ಅದರಲ್ಲಿ ಟೆಸ್ಟಿನ ಮಾತೇ ಇರಲಿಲ್ಲ.

ರೋಗವನ್ನು ಅವರು ಮೊದಲ ದಿನ ಗುರುತಿಸಲಿಲ್ಲ ಎಂಬುದಕ್ಕೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಕಂದು ಬಣ್ಣದ ಉಣುಗು ಕಚ್ಚಿದಾಗ ಎರ್ಲೀಕಿಯ ಎಂಬ ಬ್ಯಾಕ್ಟೀರಿಯ ನಾಯಿಯ ಮೈಸೇರಿ ಬಿಳಿ ರಕ್ತಕಣಗಳಲ್ಲಿ ಮನೆ ಮಾಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತ ಹೋಗುತ್ತದೆ. ಆದರೆ ಶುರುವಿನಲ್ಲಿ ಕಾಣುವುದು ಮಂಕು, ಜ್ವರ, ಊಟ ಬೇಡದಿರುವುದು, ಇಷ್ಟೇ. ಇದು ಹತ್ತು ಕಾಯಿಲೆಗೆ ಹೊಂದುತ್ತದೆ. ಎಲ್ಲಿ ನೋಯುತ್ತಿದೆ ಅಂತ ಹೇಳಲಾರದ ರೋಗಿಗಳನ್ನೇ ದಿನವಿಡೀ ನೋಡುವ ವೃತ್ತಿ ಅದು. ತಪ್ಪುವುದು ಸಹಜ. ನನ್ನೊಳಗೆ ಏನೋ ಮುರಿದದ್ದು ಆ ಫೋನಿನ ಒಂದು ವಾಕ್ಯದಿಂದ.

ಕನ್ನಡದಲ್ಲಿ ‘ನೆಚ್ಚು’ ಎಂದೊಂದು ಕ್ರಿಯಾಪದವಿದೆ, ‘ನಂಬು’ ಎಂದೂ ಇದೆ. ಎರಡನ್ನೂ ಒಂದಕ್ಕೊಂದು ಬದಲಾಗಿ ಬಳಸುತ್ತೇವೆ, ಸರಿ. ಆದರೂ ರೈತ ಮಳೆಯನ್ನು ನೆಚ್ಚಿಕೊಂಡು ಬಿತ್ತುತ್ತಾನೆ ಅನ್ನುವಾಗ ಇರುವ ಭಾವವೇ ಬೇರೆ. ಮಳೆ ಬಾರದಿದ್ದರೆ ‘ಕೈಕೊಟ್ಟಿತು’ ಅನ್ನುತ್ತೇವೆ, ಆಕಾಶದ ಮೇಲೆ ದ್ರೋಹದ ಆಪಾದನೆ ಹೊರಿಸುವುದಿಲ್ಲ. ನ್ಯೂಜಿಲೆಂಡ್ ಮೂಲದ ತತ್ವಶಾಸ್ತ್ರಜ್ಞೆ ಅನೆಟ್ ಬೇಯರ್ 1986ರಲ್ಲಿ ನಂಬಿಕೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇಂಥದ್ದೇ ಗೆರೆ ಎಳೆಯುತ್ತಾರೆ. ನೆಚ್ಚಿಕೊಂಡದ್ದು ಕೈಕೊಟ್ಟರೆ ನಿರಾಶೆಯಾಗುತ್ತದೆ. ನಂಬಿದವರು ಕೈಕೊಟ್ಟರೆ ದ್ರೋಹವಾದಂತೆ ಅನ್ನಿಸುತ್ತದೆ. ಯಾಕೆಂದರೆ ನಂಬುವುದೆಂದರೆ, ಇವರು ಮನಸ್ಸು ಮಾಡಿದರೆ ನನಗೆ ಕೆಡುಕು ಮಾಡಬಲ್ಲರು, ಆದರೆ ಮಾಡುವುದಿಲ್ಲ ಎಂದುಕೊಂಡು ನಮ್ಮದೇನನ್ನೋ ಅವರ ಕೈಗೆ ಬಿಡುವುದು. ಡಾಕ್ಟರ ಜಾಣತನವನ್ನು ನಾನು ನೆಚ್ಚಿಕೊಂಡಿದ್ದೆ, ಅದು ಒಮ್ಮೆ ಕೈಕೊಟ್ಟಿತು. ಅವರ ಪ್ರಾಮಾಣಿಕತೆಯನ್ನು ಮಾತ್ರ ನಂಬಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆಯಲ್ಲಿ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ.

ಫೋನಿನಲ್ಲಿ ಅಷ್ಟು ಹೇಳಿದ ಮೇಲೆ ಅವರು ಡಾಕ್ಸಿಸೈಕ್ಲಿನ್ ಮಾತ್ರೆಯ ಹೆಸರು, ಪ್ರಮಾಣವನ್ನು ವಾಟ್ಸಾಪಿನಲ್ಲಿ ಕಳಿಸಿದರು. ತಂದೆ. ಕೆಂಚಿಗೆ ಪ್ರಿಯವಾದದ್ದು ಮೊಸರನ್ನ. ಮಾತ್ರೆಯನ್ನು ಅದರೊಳಗೆ ಹುದುಗಿಸಿ ಉಂಡೆ ಕಟ್ಟಿ ಬಾಯಿಗಿಟ್ಟೆ, ಹಸಿವಿಲ್ಲದಿದ್ದರೂ ನನ್ನ ಕೈಯಿಂದ ಅಂತಲೋ ಏನೋ ತಿಂದಳು. ಎರಡು ದಿನವಾದರೂ ಚೇತರಿಕೆ ಕಾಣಲಿಲ್ಲ. ಮೂರನೆಯ ದಿನ ಮಾತ್ರೆ ಕೊಡಲು ಹೊರಟವನಿಗೆ ಡಾಕ್ಟರ ಆ ವಾಕ್ಯ ನೆನಪಾಯಿತು. ತನ್ನ ತಪ್ಪು ಮುಚ್ಚಿಕೊಳ್ಳಲು ಸುಳ್ಳಾಡುವವನು ಬರೆದ ಔಷಧಿ ತಾನೇ ಯಾಕೆ ಸರಿಯಿರಬೇಕು? ಆ ದಿನ ಮಾತ್ರೆ ಕೊಡಲಿಲ್ಲ. ಮರುದಿನ ಬೆಳಿಗ್ಗೆಯೂ ಕೊಡದೆ ಕಾರು ಮಾಡಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೊರಟೆವು.

ಪ್ಲೇಟ್‌ಲೆಟ್ 31 ಸಾವಿರಕ್ಕೆ ಇಳಿದಿತ್ತು. ಎರಡು ಲಕ್ಷದ ಮೇಲಿರಬೇಕಾದದ್ದು. ಅಲ್ಲಿನ ವೈದ್ಯೆ ವರದಿಯನ್ನೂ ಕೆಂಚಿಯ ವಸಡನ್ನೂ ನೋಡಿ, ‘ಉಳೀತಾಳೆ ಅಂತ ಈಗಲೇ ಹೇಳಕ್ಕಾಗಲ್ಲ. ನೋಡೋಣ’ ಅಂದರು. ವಿಚಿತ್ರವೆಂದರೆ ‘ಹೇಳಕ್ಕಾಗಲ್ಲ’ ಎಂಬ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ನಮ್ಮೂರಿನ ಡಾಕ್ಟರಿಗೆ ಅದೊಂದು ಮಾತು ಆಡುವ ಧೈರ್ಯವಿದ್ದಿದ್ದರೆ! ಆಮೇಲೆ ಹಳೆಯ ಔಷಧಿ ಕೇಳಿದರು. ಹೆಸರು ಹೇಳಿದೆ.

‘ಸರಿಯಾದ ಮಾತ್ರೇನೇ. ಅದನ್ನೇ ಮುಂದುವರಿಸಿ, ಇಪ್ಪತ್ತೆಂಟು ದಿನ. ಹೇಗೆ ಕೊಡ್ತಿದ್ದೀರಿ?’

‘ಮೊಸರನ್ನದಲ್ಲಿ ಮೇಡಂ.’

‘ಹಾಲು ಮೊಸರಿನ ಜೊತೆ ಬೇಡ, ಔಷಧಿ ಮೈಗೆ ಹಿಡಿಯೋದು ಕಡಿಮೆಯಾಗಬಹುದು. ಡೋಸ್ ಯಾವುದೂ ತಪ್ಪಿಲ್ಲ ತಾನೆ?’

‘ಒಂದೂ ತಪ್ಪಿಲ್ಲ’ ಅಂದೆ.

ಯೋಚಿಸಿ ಆಡಿದ ಸುಳ್ಳಲ್ಲ ಅದು. ನಾಚಿಕೆ ಬಾಯಿಗೆ ಬಂದು ಮಾತಾಡಿತು. ನೆಲಮಂಗಲದ ಟೋಲ್ ದಾಟುವವರೆಗೂ ಸುಮ್ಮನಿದ್ದ ಹೆಂಡತಿ, ‘ಯಾಕೆ ರೀ ಹಾಗಂದ್ರಿ?’ ಎಂದು ಕೇಳಿದಳು. ಉತ್ತರ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೆಂಚಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಆ ಡಾಕ್ಟರಿಗೂ ಆ ರಾತ್ರಿ ಹೀಗೇ ಆಗಿರಬಹುದೇ ಎಂಬ ಯೋಚನೆ ಮೊದಲ ಬಾರಿ ಬಂದದ್ದು ಅಲ್ಲಿ. ‘ಹೇಳಬೇಕಿತ್ತು’ ಎಂದು ಅನ್ನಿಸಿದ್ದು, ಬಾಯಿ ತೆರೆಯುವಷ್ಟರಲ್ಲಿ ‘ಹೇಳಿದ್ದೆ’ ಎಂದು ಆಗಿಬಿಟ್ಟಿತೇ? ಅಥವಾ ದಿನಕ್ಕೆ ಅಷ್ಟೊಂದು ಪ್ರಾಣಿಗಳನ್ನು ನೋಡುವವರು ಬೇರೆ ಯಾರಿಗೋ ಹೇಳಿದ್ದನ್ನು ನಮಗೆ ಹೇಳಿದ್ದೆಂದು ನಿಜಕ್ಕೂ ನೆನಪಿಟ್ಟುಕೊಂಡರೇ? ಗೊತ್ತಾಗುವ ದಾರಿಯಿಲ್ಲ. ಇದನ್ನೆಲ್ಲ ಅವರನ್ನು ಕ್ಷಮಿಸುವುದಕ್ಕಾಗಿ ಹೇಳುತ್ತಿಲ್ಲ. ಕ್ಷಮಿಸಿದೆನೋ ಇಲ್ಲವೋ ಎಂಬುದು ನನಗೇ ಸ್ಪಷ್ಟವಿಲ್ಲ.

ಮನುಷ್ಯ ತನ್ನ ವೈದ್ಯರ ಮೇಲೆ ನಂಬಿಕೆ ಕಳೆದುಕೊಂಡರೆ ಪಣಕ್ಕಿರುವುದು ಅವನದೇ ದೇಹ. ಮಾತ್ರೆ ನಿಲ್ಲಿಸುವ, ವೈದ್ಯರನ್ನು ಬದಲಿಸುವ, ಹಟ ಹಿಡಿಯುವ ಹಕ್ಕು ಅವನಿಗಿದೆ. ಕೆಂಚಿಯ ವಿಷಯದಲ್ಲಿ ಮೂರು ಜನ. ಅವಳು ನನ್ನನ್ನು ನಂಬಿದ್ದಾಳೆ. ಆ ನಂಬಿಕೆಯನ್ನು ಅವಳನ್ನು ಕೇಳದೆಯೇ ನಾನು ಇನ್ನೊಬ್ಬರ ಕೈಗೆ ದಾಟಿಸಿದ್ದೇನೆ. ಮೋಸಹೋದೆ ಎಂದು ನನಗೆ ಅನ್ನಿಸಿದ ಕ್ಷಣದಲ್ಲಿ, ನೊಂದದ್ದು ನನ್ನ ಅಹಂಕಾರ, ತಪ್ಪಿದ್ದು ಅವಳ ಮಾತ್ರೆ. ಒಂದೂವರೆ ದಿನ. ಅದರಿಂದ ಎಷ್ಟು ಕೆಟ್ಟಿತು ಎಂದು ಯಾರೂ ಲೆಕ್ಕ ಹಾಕಿ ಹೇಳಲಾರರು. ನಂಬುವುದು ಅಪಾಯ, ನಂಬದಿದ್ದರೆ ಕ್ಷೇಮ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅಪನಂಬಿಕೆಗೂ ಒಂದು ಬೆಲೆಯಿದೆ, ಮತ್ತು ಎಷ್ಟೋ ಸಲ ಅದನ್ನು ತೆರುವವರು ನಾವಾಗಿರುವುದಿಲ್ಲ. ವಯಸ್ಸಾದ ತಂದೆತಾಯಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮತ್ತೆ ರಕ್ತ ಪರೀಕ್ಷೆಗೆ ಹೋದಾಗ ಹೆಬ್ಬಾಳದ ವೈದ್ಯೆಗೆ ನಿಜ ಹೇಳಿದೆ. ಅವರು ಏನೂ ಅನ್ನಲಿಲ್ಲ. ಚೀಟಿಯ ಮೂಲೆಯಲ್ಲಿ ಬರೆದುಕೊಂಡು, ಎಣಿಸಿ ಕೊನೆಯ ದಿನದ ತಾರೀಕನ್ನು ಮುಂದಕ್ಕೆ ಹಾಕಿದರು, ಅಷ್ಟೇ.

ಕೆಂಚಿ ಉಳಿದಳು. ತಿಂಗಳ ಹೊತ್ತಿಗೆ ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತು. ಆದರೆ ಈ ನಡುವೆ ಒಂದು ಬದಲಾವಣೆಯಾಯಿತು. ಮೊಸರನ್ನ ಬಿಟ್ಟು ರಾಗಿಮುದ್ದೆಯಲ್ಲಿ ಮಾತ್ರೆ ಅಡಗಿಸತೊಡಗಿದ ಮೇಲೆ, ಒಂದು ದಿನ ಅವಳ ಹಲ್ಲಿಗೆ ಅದು ಸಿಕ್ಕಿಬಿಟ್ಟಿತು. ಉಗಿದಳು. ಉಗಿದು ನನ್ನ ಕಡೆ ನೋಡಿದಳು. ನಾಯಿಯ ನೋಟಕ್ಕೆ ನಾವೇ ಅರ್ಥ ತುಂಬುತ್ತೇವೆ, ಗೊತ್ತು. ಅಂದಿನಿಂದ ನಾನು ಏನು ಕೊಟ್ಟರೂ ಮೊದಲು ಮೂಸುತ್ತಾಳೆ, ನಾಲಿಗೆಯಲ್ಲಿ ಬಿಡಿಸಿ ನೋಡುತ್ತಾಳೆ, ಆಮೇಲೆ ತಿನ್ನುತ್ತಾಳೆ. ಹೆಂಡತಿ ಕೊಟ್ಟರೆ ಈಗಲೂ ಒಂದೇ ಗುಟುಕು. ಅವಳ ಒಳ್ಳೆಯದಕ್ಕೇ ಅಡಗಿಸಿದ್ದು ಎಂದು ಯಾವ ಭಾಷೆಯಲ್ಲಿ ಹೇಳಲಿ? ಹೇಳಿದರೂ, ಒಳ್ಳೆಯದಕ್ಕೇ ಅಡಗಿಸಿದೆ ಅನ್ನುವವರ ಮಾತನ್ನು ನಾನಾದರೂ ಎಷ್ಟು ಕೇಳಿಸಿಕೊಂಡಿದ್ದೆ?

ಜನವರಿಯಲ್ಲಿ ರೇಬೀಸ್ ಇಂಜೆಕ್ಷನ್ನಿನ ಗಡುವು ಬಂತು. ಅಷ್ಟಕ್ಕೆ ಹೆಬ್ಬಾಳಕ್ಕೆ ಹೋಗುವುದೇ ಎಂದು ಎರಡು ದಿನ ಯೋಚಿಸಿ, ನಮ್ಮೂರಿನ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದೆ. ಬಾಗಿಲಲ್ಲೇ ಕೆಂಚಿ ಬಾಲ ಆಡಿಸಿದಳು. ‘ಏನಮ್ಮ, ಗಟ್ಟಿಯಾಗಿದೀಯ’ ಎಂದು ಅವರು ಅವಳ ಕಿವಿ ಸವರಿದರು. ಆಗಸ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಂಜೆಕ್ಷನ್ ಆಯಿತು. ಉಣುಗಿಗೆ ಏನು ಹಾಕಬೇಕು, ವರ್ಷಕ್ಕೆ ಎಷ್ಟು ಸಲ ರಕ್ತ ನೋಡಿಸಬೇಕು ಎಂದು ಬಾಯಲ್ಲಿ ಹೇಳುತ್ತ ಹೋದರು.

‘ಎಲ್ಲ ಚೀಟಿಯಲ್ಲಿ ಬರೆದುಕೊಟ್ಟುಬಿಡಿ ಸಾರ್’ ಅಂದೆ.

ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಪೆನ್ನು ಹುಡುಕಿಕೊಂಡರು.