ನೀರಿನಲ್ಲಿ ಇರಿಸಿದ ಪೀಠ

ದೇವಾಲಯದಲ್ಲಿ ನೂತನ ವಿಗ್ರಹವನ್ನು ಪ್ರತಿಷ್ಠಿಸುವುದಕ್ಕೆ ಮುನ್ನ ಅದನ್ನು ಕೆಲಕಾಲ ನೀರಿನಲ್ಲಿ ಮುಳುಗಿಸಿಡುವ ವಿಧಿಯೊಂದು ನಮ್ಮ ಆಗಮಸಂಪ್ರದಾಯದಲ್ಲಿ ಉಂಟು. ಅದಕ್ಕೆ ಜಲಾಧಿವಾಸವೆಂದು ಹೆಸರು. ಉಳಿಯ ಪೆಟ್ಟನ್ನು ಸಹಿಸಿ ಶಿಲ್ಪಿಯ ಕೈಯಿಂದ ಹೊರಬಂದ ಶಿಲೆಯು ಅಲ್ಲಿ ತಣಿದು, ಬಳಿಕ ಧಾನ್ಯಾಧಿವಾಸ ಶಯ್ಯಾಧಿವಾಸಗಳನ್ನು ಕಳೆದು, ಕಣ್ಣು ತೆರೆಯಿಸಿಕೊಂಡು, ಪ್ರಾಣಪ್ರತಿಷ್ಠೆಯನ್ನು ಪಡೆದು, ಪೂಜಾರ್ಹವಾಗುತ್ತದೆ. ಈ ವಿಧಿಪರಂಪರೆಯಲ್ಲಿ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ಅಂಶವೆಂದರೆ, ತನ್ನ ಕೆಲಸವು ಮುಗಿದೊಡನೆ ಶಿಲ್ಪಿಯು ಸಂಭಾವನೆಯನ್ನು ಸ್ವೀಕರಿಸಿ, ಮುಂದಿನ ಕಾರ್ಯವನ್ನು ಆಚಾರ್ಯನಿಗೆ ಒಪ್ಪಿಸಿ, ದೂರ ಸರಿಯಬೇಕೆಂಬುದು. ಮೂರ್ತಿಯನ್ನು ಮಾಡಿದವನು ಅವನೇ. ಆದರೆ ಅದರಲ್ಲಿ ಬಂದು ನೆಲಸತಕ್ಕ ಚೈತನ್ಯವು ಅವನ ಕೃತಿಯಲ್ಲ. ಮಂತ್ರವನ್ನು ಹೇಳಿದ ಆಚಾರ್ಯನ ಕೃತಿಯೂ ಅಲ್ಲ. ಹೀಗಿರುವಲ್ಲಿ, ಮನುಷ್ಯನು ಮಾಡಿದ ವಸ್ತುವಿನಲ್ಲಿ ಅವನು ಮಾಡದಿರುವ ಜೀವವು ಬಂದು ನೆಲೆಗೊಂಡಾಗ, ಆ ಸಮಸ್ತಕ್ಕೂ ಕರ್ತೃವೆಂದು ಯಾರನ್ನು ಹೇಳಬೇಕು? ಅದರ ಪುಣ್ಯವು ಯಾರಿಗೆ ಸಲ್ಲಬೇಕು?

ಗ್ರಂಥದಲ್ಲಿ ಓದಿದಾಗ ಬರಿಯ ತರ್ಕಸೂಕ್ಷ್ಮವೆಂದು ತೋರುವ ಈ ಪ್ರಶ್ನೆಯು ಕಣ್ಣೆದುರಿನ ವಸ್ತುವಾಗಿ ನನಗೆ ಗೋಚರಿಸಿದುದು ಬಾಲಿ ದ್ವೀಪದ ವಾಯವ್ಯ ತೀರದಲ್ಲಿರುವ ಪೆಮುತೆರಾನ್ ಎಂಬ ಹಳ್ಳಿಯ ಕೊಲ್ಲಿಯಲ್ಲಿ, ದಡಕ್ಕೆ ತೀರ ಸಮೀಪದಲ್ಲಿ, ಕೆಲವೇ ಮೀಟರುಗಳಷ್ಟು ಆಳದ ನೀರಿನ ಕೆಳಗೆ. 1990ರ ದಶಕದ ಕೊನೆಯಲ್ಲಿ ಇಂಡೊನೇಷ್ಯವು ಆರ್ಥಿಕ ಸಂಕಟಕ್ಕೆ ಸಿಕ್ಕಿದ್ದಾಗ, ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದ ಬೆಸ್ತರು ಸಿಡಿಮದ್ದನ್ನು ಹಾರಿಸಿ ಮೀನನ್ನು ಕೊಂದೂ, ಗಾಜಿನ ತೊಟ್ಟಿಗಳಲ್ಲಿ ಸಾಕುವ ಬಣ್ಣದ ಮೀನುಗಳ ವ್ಯಾಪಾರಕ್ಕಾಗಿ ಸಯನೈಡನ್ನು ಚಿಮುಕಿಸಿ ಅವುಗಳನ್ನು ಮೂರ್ಛೆಗೊಳಿಸಿ ಹಿಡಿದೂ, ಅಲ್ಲಿನ ಹವಳದ ದಿಬ್ಬಗಳನ್ನು ಹಾಳುಗೆಡವಿದರು. ಅಷ್ಟು ಸಾಲದೆಂಬಂತೆ 1998ರಲ್ಲಿ ಸಮುದ್ರದ ನೀರು ಮಿತಿಮೀರಿ ಕಾಯ್ದು, ಉಳಿದಿದ್ದ ಹವಳದಲ್ಲಿ ಬಹುಭಾಗವು ಬಿಳಿಚಿಕೊಂಡು ಸತ್ತಿತು. ಒಮ್ಮೆ ಹೀಗೆ ಪುಡಿಯಾದ ತಳದಲ್ಲಿ ಹೊಸ ಹವಳವು ತಾನಾಗಿ ನೆಲೆಗೊಳ್ಳುವುದು ಬಹು ಕಷ್ಟ. ಹವಳದ ಮರಿಯು ಸಾಸಿವೆಗಿಂತಲೂ ಸಣ್ಣದಾದ, ನೀರಿನಲ್ಲಿ ತೇಲಿ ಅಲೆಯುವ ಜೀವಿ. ಗಟ್ಟಿಯಾದ ನೆಲೆಯೊಂದು ಸಿಕ್ಕಿದರೆ ಅಂಟಿಕೊಂಡು ಜೀವಮಾನವೆಲ್ಲ ಅಲ್ಲಿಯೇ ಇರುತ್ತದೆ. ಅಲೆಯ ಎಳೆತಕ್ಕೆ ಉರುಳಾಡುವ ಚೂರುಗಳ ಮೇಲೆ ಕುಳಿತರೆ ತಿರುಗುಮುರುಗಾಗಿ ಅಡಿಯಲ್ಲಿ ಸಿಕ್ಕಿ ಸಾಯುತ್ತದೆ. ಸಮುದ್ರವು ಜೀವವನ್ನು ಕಳುಹಿಸುತ್ತಲೇ ಇತ್ತು. ಬಂದವರಿಗೆ ಕುಳಿತುಕೊಳ್ಳಲು ಸ್ಥಳವಿರಲಿಲ್ಲ.

ವುಲ್ಫ್ ಹಿಲ್ಬರ್ಟ್ಸ್ ಎಂಬ ವಾಸ್ತುಶಿಲ್ಪಿಯೂ ಥಾಮಸ್ ಗೋರೋ ಎಂಬ ಹವಳವಿಜ್ಞಾನಿಯೂ ಹಳ್ಳಿಯವರೊಡನೆ ಕೂಡಿ 2000ದಲ್ಲಿ ಅಲ್ಲಿ ಒಂದು ಕಾರ್ಯವನ್ನು ಪ್ರಾರಂಭಿಸಿದರು. ಕಟ್ಟಡಕ್ಕೆ ಬಳಸುವ ಉಕ್ಕಿನ ಸರಳುಗಳನ್ನು ಬಗ್ಗಿಸಿ ಗುಮ್ಮಟ, ಸುರಂಗ, ಕಮಾನುಗಳ ಆಕಾರದ ಚೌಕಟ್ಟುಗಳನ್ನು ಹೆಣೆದು, ಅವುಗಳನ್ನು ತಳದಲ್ಲಿ ಇರಿಸಿ, ದಡದಿಂದ ಕೇಬಲ್ ಎಳೆದು, ಮುಟ್ಟಿದರೂ ಅಪಾಯವಿಲ್ಲದಷ್ಟು ಮೆಲುವಾದ ವಿದ್ಯುತ್ತನ್ನು ಹರಿಸಿದರು. ಆಗ ಸಮುದ್ರಜಲದಲ್ಲಿ ಕರಗಿರುವ ಸುಣ್ಣವೂ ಮೆಗ್ನೀಷಿಯಮ್ಮಿನ ಲವಣವೂ ಉಕ್ಕಿನ ಮೇಲೆ ತಾವಾಗಿ ಗರಣೆಗಟ್ಟುತ್ತವೆ. ಸರಳು ತುಕ್ಕು ಹಿಡಿಯುವುದಿಲ್ಲ. ಅದರ ಮೇಲೆ ಹವಳಕ್ಕೆ ಒಪ್ಪುವ ಬಿಳಿಯ ಕಲ್ಲು ಬೆಳೆಯುತ್ತದೆ. ಅಲೆಗೆ ಮುರಿದುಬಿದ್ದು ಇನ್ನೂ ಜೀವವುಳಿದಿರುವ ಹವಳದ ಕೊಂಬೆಗಳನ್ನು ಆಯ್ದು ತಂದು ತಂತಿಯಿಂದ ಕಟ್ಟುತ್ತಾರೆ. ಮನುಷ್ಯನ ಕೆಲಸವು ಇಷ್ಟೇ. ಹೀರೆಯ ಬಳ್ಳಿಗೆ ಚಪ್ಪರ ಹಾಕಿದವನು ಹೀರೆಕಾಯಿಯನ್ನು ತಾನು ಮಾಡಿದೆನೆನ್ನಲಾರನು.

ಅಲ್ಲಿ ಮುಳುಗಿ ನೋಡಿದವನಿಗೆ ಇದು ಇನ್ನೂ ಸ್ಫುಟವಾಗುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿ, ಬಾಯಿಗೆ ಉಸಿರಿನ ನಳಿಗೆಯನ್ನು ಕಚ್ಚಿ, ಸ್ವಲ್ಪ ಸ್ವಲ್ಪವಾಗಿ ಇಳಿಯುವಾಗ ಗುರುವು ಕಲಿಸುವ ಮೊದಲನೆಯ ನಿಯಮವೇ ಉಸಿರನ್ನು ಎಂದಿಗೂ ಹಿಡಿಯಬಾರದೆಂಬುದು. ಏಕೆಂದರೆ ಕೆಲವೇ ಮೀಟರುಗಳ ಆಳದಿಂದ ಉಸಿರು ಕಟ್ಟಿಕೊಂಡು ಮೇಲೆದ್ದರೂ, ಒಳಗಿನ ಗಾಳಿಯು ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲುದು. ಯೋಗಿಗೆ ವಿಹಿತವಾದ ಕುಂಭಕವು ಇಲ್ಲಿ ನಿಷಿದ್ಧ. ಪೂರಕದಲ್ಲಿ ದೇಹವು ಒಂದಿಷ್ಟು ಏರುತ್ತದೆ, ರೇಚಕದಲ್ಲಿ ಒಂದಿಷ್ಟು ಇಳಿಯುತ್ತದೆ. ಕೈಕಾಲುಗಳನ್ನು ಆಡಿಸದೆ ಉಸಿರಿನ ಪ್ರಮಾಣವೊಂದರಿಂದಲೇ ನಿಲ್ಲಲು ಕಲಿತವನು, ಏನನ್ನೂ ಮುಟ್ಟದೆ, ಏನನ್ನೂ ಆಶ್ರಯಿಸದೆ, ಕಂಡುದನ್ನು ಕಾಣುತ್ತಾ ತೇಲಬಲ್ಲನು. ವೇದಾಂತಿಗಳು ಸಾಕ್ಷಿಯೆಂದು ಹೇಳುವ ಸ್ಥಿತಿಗೆ ದೇಹವು ಇಷ್ಟು ಹತ್ತಿರ ಬರುವುದನ್ನು ನಾನು ಬೇರೆಲ್ಲಿಯೂ ಅನುಭವಿಸಿಲ್ಲ.

ಒಂದು ಕಮಾನಿನ ಎದುರು ಹಾಗೆ ನಿಂತು ನೋಡಿದೆನು. ಸರಳಿನ ಮೇಲಣ ಬಿಳಿಯ ಗರಣೆಯಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಒಂದೊಂದಾಗಿ ಬಿಟ್ಟು ಮೇಲಕ್ಕೆ ಹೋಗುತ್ತಿದ್ದವು. ಕೊಂಬೆಹವಳವೊಂದನ್ನು ಕಟ್ಟಿದ್ದ ತಂತಿಯು ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧವನ್ನು ಹವಳದ ಮೈಯು ತೆಳ್ಳನೆಯ ಕಂದುಬಣ್ಣದ ಪದರವಾಗಿ ಹರಡಿ ನುಂಗಿತ್ತು. ಕೊಂಬೆಯ ತುದಿಗಳು ಎಳೆಯ ನೇರಿಳೆಯ ಬಣ್ಣಕ್ಕಿದ್ದವು. ನನ್ನ ನೆರಳು ಮೇಲೆ ಬಿದ್ದೊಡನೆ ಬೆರಳುದ್ದದ ಹಸಿರು ಮೀನುಗಳ ಗುಂಪೆಲ್ಲ ಒಂದೇ ಕ್ಷಣದಲ್ಲಿ ಕೊಂಬೆಗಳೊಳಗೆ ಅಡಗಿ, ನೆರಳು ಸರಿದೊಡನೆ ಮತ್ತೆ ಹೊರಬಂದಿತು. ಎಲ್ಲ ಕಡೆಯಿಂದಲೂ ಚಟಪಟನೆ ಸಿಡಿಯುವ ಸದ್ದು. ಅದು ಬಂಡೆಯ ಸಂದಿಗಳಲ್ಲಿ ಕೊಂಡಿಯನ್ನು ಬಡಿಯುವ ಸಣ್ಣ ಸೀಗಡಿಗಳದು.

ಈ ಹವಳವೆಂಬುದಾದರೂ ಒಂದು ಜೀವವೇ? ಅದು ಮೃದುವಾದ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯು ಬಿಸಿಲಿನಿಂದ ಆಹಾರವನ್ನು ಸಿದ್ಧಗೊಳಿಸಿ ಅದಕ್ಕೆ ಉಣಿಸುತ್ತದೆ. ಆ ಅನ್ನದ ಬಲದಿಂದ ಪ್ರಾಣಿಯು ಸಮುದ್ರದ ಸುಣ್ಣವನ್ನು ಸೆಳೆದು ತನ್ನ ಅಡಿಗೆ ಕಲ್ಲನ್ನು ಕಟ್ಟುತ್ತದೆ. ಕರ್ತೃವನ್ನು ಹುಡುಕುತ್ತಾ ಸರಳಿನಿಂದ ಹವಳಕ್ಕೆ, ಹವಳದಿಂದ ಪಾಚಿಗೆ, ಪಾಚಿಯಿಂದ ಸೂರ್ಯನಿಗೆ ಹೋದವನಿಗೆ ಎಲ್ಲಿಯೂ ನಿಲ್ಲಲು ಎಡೆಯಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ಮದ ಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಹೇಳಿ, ತಾನೊಬ್ಬನೇ ಕರ್ತೃವೆಂದು ತಿಳಿಯುವವನು ಸರಿಯಾಗಿ ಕಾಣದವನೆಂದು ನಿರ್ಣಯಿಸಿದೆ. ಪೆಮುತೆರಾನಿನ ಚೌಕಟ್ಟಿಗೆ ಈ ಐದರಲ್ಲಿ ಮೊದಲನೆಯದರ ಸ್ಥಾನವನ್ನು ಮಾತ್ರವೇ ನಾನು ಕೊಡಬಲ್ಲೆನು.

ಬಾಲಿಯ ಹಿಂದೂಗಳಿಗೆ ಈ ವಿಚಾರವು ಹೊಸದಲ್ಲ. ಅವರ ದೇವಾಲಯದ ಅಂಗಳದಲ್ಲಿ ಎತ್ತರವಾದ ಕಲ್ಲಿನ ಪದ್ಮಾಸನವಿರುತ್ತದೆ. ಕೂರ್ಮನನ್ನೂ ನಾಗರನ್ನೂ ಬುಡದಲ್ಲಿ ಕೆತ್ತಿ, ಮೇಲೆ ಸಿಂಹಾಸನವನ್ನು ಮಾಡಿ, ಅದರ ಮೇಲೆ ಯಾವ ಮೂರ್ತಿಯನ್ನೂ ಕೂರಿಸದೆ ಬರಿದಾಗಿ ಬಿಟ್ಟಿರುತ್ತಾರೆ. ಅಚಿಂತ್ಯನಾದ ಪರಮಾತ್ಮನ ಪೀಠ ಅದು. ಉತ್ಸವದ ದಿನಗಳಲ್ಲಿ ದೇವತೆಗಳು ಇಳಿದುಬಂದು ಆಸನಗಳನ್ನು ಅಲಂಕರಿಸಿ, ನೈವೇದ್ಯವನ್ನು ಸ್ವೀಕರಿಸಿ, ಮರಳಿ ಹೋಗುವರೆಂಬುದು ಅವರ ನಂಬಿಕೆ. ಈ ಪದ್ಮಾಸನದ ಪದ್ಧತಿಯನ್ನು ಹದಿನಾರನೆಯ ಶತಮಾನದಲ್ಲಿ ಜಾವಾದಿಂದ ಬಂದ ನಿರರ್ಥನೆಂಬ ಪುರೋಹಿತನು ತಂದನೆಂದು ಪರಂಪರೆಯು ಹೇಳುತ್ತದೆ. ಅವನ ಕಥೆಯೊಡನೆ ಸೇರಿದ ಪುಲಾಕಿಯ ದೇವಾಲಯವು ಪೆಮುತೆರಾನಿಗೆ ಸಮೀಪದಲ್ಲಿಯೇ ಇದೆ. ಪೀಠವನ್ನು ಶುದ್ಧವಾಗಿ ಇರಿಸುವುದು ಮನುಷ್ಯನ ಧರ್ಮ, ಬರುವುದು ಬಾರದಿರುವುದು ಅತಿಥಿಯ ಇಚ್ಛೆ ಎಂಬ ಭಾವದಲ್ಲಿ ತಲೆಮಾರುಗಳಿಂದ ಬೆಳೆದ ಜನರು ನೀರಿನ ಕೆಳಗೂ ಪೀಠವನ್ನು ಹೂಡಿದುದು ಸಹಜವೆಂದೇ ನನಗೆ ತೋರುತ್ತದೆ. ಅದೇ ಕೊಲ್ಲಿಯಲ್ಲಿ, ಇನ್ನೂ ಆಳವಾದ ಎಡೆಯಲ್ಲಿ, 2005ರಿಂದೀಚೆಗೆ ದೇವತಾಮೂರ್ತಿಗಳನ್ನೂ ಬಾಲಿಯ ಶೈಲಿಯ ಸೀಳುದ್ವಾರವೊಂದನ್ನೂ ಇಳಿಸಿದ್ದಾರೆ. ಅವುಗಳ ಮುಖವನ್ನು ಜೀವಜಾಲವು ಆವರಿಸುತ್ತದೆ. ನಮ್ಮ ನೇತ್ರೋನ್ಮೀಲನಕ್ಕೆ ವಿಪರೀತವಾಗಿ ಅಲ್ಲಿ ಕಣ್ಣು ಮುಚ್ಚುತ್ತಾ ಹೋದಂತೆಲ್ಲ ಶಿಲೆಯಲ್ಲಿ ಪ್ರಾಣವು ಹೆಚ್ಚುತ್ತದೆ.

ಆದರೆ ಸಮುದ್ರಕ್ಕೆ ಇಳಿಸಿದುದೆಲ್ಲವೂ ಪೀಠವಾಗುವುದಿಲ್ಲ. ಅಮೆರಿಕದ ಫ್ಲಾರಿಡಾ ತೀರದಲ್ಲಿ, ಫೋರ್ಟ್ ಲಾಡರ್‌ಡೇಲ್ ನಗರದ ಎದುರು, 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಮುಳುಗಿಸಿ, ಮೀನುಗಳಿಗೆ ಮನೆಯನ್ನು ಕಟ್ಟಿದೆವೆಂದು ಉತ್ಸಾಹದಿಂದ ಸಾರಿದರು. ಆಸ್ಬರ್ನ್ ಬಂಡೆಯೆಂದು ಅದಕ್ಕೆ ಹೆಸರು. ಕಟ್ಟುಗಳು ಸವೆದು ಕಳಚಿದುವು; ಟೈರುಗಳು ಬಿರುಗಾಳಿಗೆ ಸಿಕ್ಕಿ ಉರುಳಿ, ನೆರೆಯಲ್ಲಿದ್ದ ನಿಜವಾದ ಹವಳದ ದಿಬ್ಬವನ್ನೇ ಉಜ್ಜಿ ಕೊಂದುವು. ಅವುಗಳನ್ನು ಮೇಲೆತ್ತಲು ಆಮೇಲೆ ಸೈನ್ಯದ ಮುಳುಗುಗಾರರನ್ನೂ ಇಳಿಸಬೇಕಾಯಿತು. ಅಲ್ಲಿ ಕೊಡಲ್ಪಟ್ಟುದು ತಮಗೆ ಬೇಡವಾದ ವಸ್ತು. ಮುದಿಯಾಗಿ ಹಾಲು ಬತ್ತಿದ ಗೋವುಗಳನ್ನು ದಾನಮಾಡುತ್ತಿದ್ದ ತಂದೆಯನ್ನು ಕಂಡು ನಚಿಕೇತನಿಗೆ ಉಂಟಾದ ಕಳವಳವೇ ಈ ವೃತ್ತಾಂತವನ್ನು ಓದಿದಾಗ ನನಗೂ ಉಂಟಾಗುತ್ತದೆ.

ಸದುದ್ದೇಶದಿಂದ ಮಾಡಿದ ಬಂಡೆಯ ವಿಷಯದಲ್ಲಿಯೂ ವಿಜ್ಞಾನಿಗಳು ದಶಕಗಳಿಂದ ಚರ್ಚಿಸುತ್ತಿರುವ ಒಂದು ಸಂಶಯವಿದೆ. ಕೃತಕ ಬಂಡೆಯ ಸುತ್ತ ಕಾಣುವ ಮೀನು ಅಲ್ಲಿಯೇ ಹುಟ್ಟಿ ಹೆಚ್ಚಿದುದೋ, ಅಥವಾ ಬೇರೆಡೆಯಲ್ಲಿ ಚದರಿದ್ದುದು ಅಲ್ಲಿಗೆ ಬಂದು ಕೂಡಿದುದೋ? ಎರಡನೆಯದೇ ನಿಜವಾಗಿ, ಅಲ್ಲಿ ಬಲೆ ಬೀಸುವುದಕ್ಕೂ ತಡೆಯಿಲ್ಲದಿದ್ದರೆ, ಬಂಡೆಯು ಆಶ್ರಯದ ವೇಷದಲ್ಲಿರುವ ಬೋನಾಗುತ್ತದೆ. ಪೀಠವೂ ಬೋನೂ ನೋಟಕ್ಕೆ ಒಂದೇ ಉಕ್ಕು, ಒಂದೇ ಸಿಮೆಂಟು. ಅವೆರಡರ ಭೇದವು ಇಟ್ಟವನು ಆಮೇಲೆ ಹೇಗೆ ನಡೆದುಕೊಳ್ಳುವನೆಂಬುದರಲ್ಲಿದೆ. ಪೆಮುತೆರಾನಿನಲ್ಲಿ ಹಳ್ಳಿಯ ಸಂಪ್ರದಾಯದ ಕಾವಲುಗಾರರಾದ ಪೆಚಲಾಂಗರಲ್ಲಿ ಸಮುದ್ರಕ್ಕೆಂದೇ ಒಂದು ಪಂಗಡವನ್ನು ನೇಮಿಸಿ, ಸಿಡಿಮದ್ದಿನವರನ್ನೂ ವಿಷದವರನ್ನೂ ದೂರವಿರಿಸಿದರು. 2012ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಅಲ್ಲಿನ ಸಂಸ್ಥೆಗೆ ಬಂದಾಗ ಎಲ್ಲರೂ ವಿದ್ಯುತ್ತಿನ ಚಮತ್ಕಾರವನ್ನು ಹೊಗಳಿದರು. ನನ್ನ ಮಟ್ಟಿಗೆ ಅದರ ಹೆಚ್ಚಿನ ಪಾಲು ದೋಣಿಯಲ್ಲಿ ಕುಳಿತು ಕಾಯುತ್ತಿದ್ದವರಿಗೆ ಸಲ್ಲತಕ್ಕದ್ದು.

ಹಾಗಾದರೆ ಇದು ದಾನವೇ? ಹಣವನ್ನು ಕೊಟ್ಟ ಪ್ರವಾಸಿಯ ಹೆಸರನ್ನು ತಂತಿಯ ಅಕ್ಷರಗಳಲ್ಲಿ ಬಾಗಿಸಿ ಚೌಕಟ್ಟಿಗೆ ಸೇರಿಸುವ ರೂಢಿಯೊಂದು ಅಲ್ಲಿ ಇದೆ. ಆ ಅಕ್ಷರಗಳ ಮೇಲೆಯೂ ಗರಣೆ ಕಟ್ಟುತ್ತದೆ, ಹವಳವು ಹಬ್ಬುತ್ತದೆ. ನಮ್ಮ ದಾನಶಾಸನಗಳಂತೆ ಆಚಂದ್ರಾರ್ಕವಾಗಿ ನಿಲ್ಲಬೇಕೆಂಬ ಆಶೆಯಿಲ್ಲದೆ ಹೆಸರನ್ನು ಕೊಡುವವನ ಮನಸ್ಸಿನಲ್ಲಿ ನಿಜವಾದ ಔದಾರ್ಯವಿದ್ದೀತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ತನ್ನದಾದುದನ್ನು ಕೊಟ್ಟರೆ ಮಾತ್ರ ದಾನವೆನ್ನಿಸುತ್ತದೆ. ಒಡೆದವರು ನಾವು, ಒಡೆದುದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು, ಮೊದಲಿನ ಯಜಮಾನನು ಬಂದು ಕುಳಿತಾನೆಯೇ ಎಂದು ಕೈಕಟ್ಟಿ ನಿಲ್ಲುವುದು ಋಣದ ಮರುಪಾವತಿ. ಭೂತಋಣವೆಂದು ನಮ್ಮ ಹಿರಿಯರು ಎಣಿಸಿದ ಸಾಲವಿದು. ಅದನ್ನು ತೀರಿಸಿದವನು ಸಾಲದಿಂದ ಮುಕ್ತನಾದಾನೇ ಹೊರತು ದಾನಿಯಾಗಲಾರನು. ಕೃತಕ ಬಂಡೆಯನ್ನು ಸೃಷ್ಟಿಯೆಂದು ಬಣ್ಣಿಸುವವರೊಡನೆ ನನಗೆ ಸಮ್ಮತಿಯಿಲ್ಲ, ಅದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತವು ದೊಡ್ಡದೇ. ಆದರೆ ದೋಷವನ್ನು ಮುಂದುವರಿಸುತ್ತಲೇ ಪ್ರಾಯಶ್ಚಿತ್ತವನ್ನು ಮಾಡಿಕೊಳ್ಳುವುದಕ್ಕೆ ಯಾವ ಧರ್ಮಶಾಸ್ತ್ರವೂ ಅವಕಾಶ ಕೊಟ್ಟಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಲೋಕವ್ಯಾಪಿಯಾದ ನಾಲ್ಕನೆಯ ಹವಳಬಿಳಿಚುವಿಕೆಯನ್ನು ಘೋಷಿಸಿದರು. ಸಮುದ್ರವನ್ನು ಕಾಯಿಸುತ್ತಿರುವುದು ನಾವು ಸುಡುವ ಕಲ್ಲಿದ್ದಲು ಮತ್ತು ಎಣ್ಣೆ. ಎಷ್ಟು ಚೌಕಟ್ಟುಗಳನ್ನು ಇಳಿಸಿದರೂ ನೀರಿನ ತಾಪವು ಇಳಿಯುವುದಿಲ್ಲ.

ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗುವ ಯುವಕರು ಈಗ ಅನೇಕರಿದ್ದಾರೆ. ಅಲ್ಲಿರುವುದು ಯಾರೂ ಇಳಿಸದ, ತಾನಾಗಿ ಬೆಳೆದ ಹವಳ. ಆ ಯುವಕರಲ್ಲಿ ನನ್ನ ಬಿನ್ನಹವಿಷ್ಟು: ಉಸಿರಿನಿಂದಲೇ ನಿಲ್ಲುವುದನ್ನು ಮೊದಲು ಚೆನ್ನಾಗಿ ಕಲಿತುಕೊಳ್ಳಿರಿ, ಹವಳವನ್ನು ಮುಟ್ಟಬೇಡಿರಿ, ಅದರ ಮೇಲೆ ಕಾಲೂರಬೇಡಿರಿ, ಚೂರನ್ನೂ ತರಬೇಡಿರಿ. ನಮ್ಮ ಕರಾವಳಿಯಲ್ಲಿ ಕೃತಕ ಬಂಡೆಗಳನ್ನು ಇಳಿಸಬೇಕೆಂದು ಮುಂದೆ ಬರುವವರನ್ನು, ಎಷ್ಟು ಇಳಿಸುವಿರೆಂದು ಕೇಳುವುದಕ್ಕೆ ಮೊದಲು, ಇಳಿಸಿದ ಮೇಲೆ ಅದನ್ನು ಕಾಯುವವರು ಯಾರೆಂದು ಕೇಳಿರಿ. ಅದಕ್ಕೆ ಉತ್ತರವಿಲ್ಲದಿದ್ದರೆ ಒಪ್ಪಿಗೆ ಕೊಡಬೇಡಿರಿ.